ಅಳತೆ ತಪ್ಪಿದ ಈಡು

ಲೈಬ್ರರಿಯಲ್ಲಿ ನಾನು ಶಿಕಾರಿ ಪುಸ್ತಕ ಕೈಗೆತ್ತಿಕೊಂಡಾಗಲೆಲ್ಲ ಜೊತೆಗಿರುವ ಗೆಳತಿಯರು ನಗುತ್ತಾರೆ. "ಹುಲಿ ಕತೆ ಗಂಡುಹುಡುಗರಿಗೆ ಕಣ್ರೀ, ನಿಮಗ್ಯಾಕೆ?" ಅನ್ನುತ್ತಾರೆ. ನಾನೂ ನಕ್ಕು ಪುಸ್ತಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಕಾಫಿ ಹೊತ್ತಿನವರೆಗೆ ಸಿಗುವ ಆ ಒಂದು ಗಂಟೆಯಲ್ಲಿ ಕಾಡಿಗೆ ಹೋಗಿ ಬರುವುದು ನನ್ನ ಹಳೆಯ ಚಟ.

ಪೂರ್ಣಚಂದ್ರ ತೇಜಸ್ವಿ ಕೆನೆತ್ ಆಂಡರ್ಸನ್‌ನನ್ನು ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಮಾಲೆಯ ಪುಸ್ತಕಗಳು ನಮ್ಮ ಮನೆಯಲ್ಲಿ ಬೆನ್ನು ಹರಿಯುವಷ್ಟು ಓದಿಸಿಕೊಂಡಿವೆ. 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ' ಅಂದರೆ ಬಸ್ಸಿನ ಬೋರ್ಡಿನಲ್ಲಿ ನೋಡುವ ಊರುಗಳೇ. ಆ ಊರುಗಳಲ್ಲಿ ಚಿರತೆ ಓಡಾಡಿತ್ತು ಎಂದು ಓದುವಾಗ ಮೈ ಜುಂ ಅನ್ನುತ್ತದೆ. ಪುತ್ತೂರು ಕಡೆಯ ಕೆದಂಬಾಡಿ ಜತ್ತಪ್ಪ ರೈಗಳ ಪುಸ್ತಕದ ಹೆಸರು ಇನ್ನೂ ಸೊಗಸು: 'ಈಡೊಂದು ಹುಲಿಯೆರಡು'. ಈ ಪುಸ್ತಕಗಳ ಭಾಷೆಯ ಮೇಲಾಗಲಿ ಧೈರ್ಯದ ಮೇಲಾಗಲಿ ನನ್ನ ತಕರಾರಿಲ್ಲ. ನನ್ನ ತಕರಾರು ಒಂದೇ. ಶಿಕಾರಿ ಪುಸ್ತಕಗಳು ಈಡು ಹಾರುವುದನ್ನು ವರ್ಣಿಸುತ್ತವೆ, ಈಡು ತುಂಬುವುದನ್ನು ಒಂದೆರಡು ಮಾತಿನಲ್ಲಿ ಮುಗಿಸಿಬಿಡುತ್ತವೆ. ಗುರಿಗೆ ಪುಟಗಟ್ಟಲೆ ಜಾಗ, ಅಳತೆಗೆ ಮೂಲೆ. ಈ ತಕರಾರು ನನಗೆ ಪುಸ್ತಕದಿಂದ ಬಂದದ್ದಲ್ಲ.

ಕುಡುಮಲಕುಂಟೆಯ ಹತ್ತಿರ ನನ್ನ ಸೋದರಮಾವನ ಹೊಲವಿತ್ತು. ಈಗ ಆ ಕಡೆ ಹೋದರೆ ಕೈಗಾರಿಕಾ ಪ್ರದೇಶ, ಲಾರಿಗಳು. ತೆಲುಗಿನಲ್ಲಿ ಕುಡುಮು ಅಂದರೆ ಕಡುಬು. ಹಾಗಾಗಿ ಚಿಕ್ಕವರಾಗಿದ್ದಾಗ ನಾವು ಊರನ್ನು ಕಡುಬಿನ ಕುಂಟೆ ಎಂದು ಹಾಸ್ಯ ಮಾಡುತ್ತಿದ್ದೆವು. ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಬಂದು ರಾತ್ರೋರಾತ್ರಿ ಹೊಲ ಉತ್ತು ಹಾಕುತ್ತಿದ್ದವು. ಮಾವನ ಹತ್ತಿರ ಬೆಳೆ ಕಾಯಲೆಂದು ಲೈಸೆನ್ಸು ಪಡೆದ ನಾಟು ತುಪಾಕಿ ಇತ್ತು. ನಮ್ಮ ಕಡೆ ಕೋವಿ ಅನ್ನುವುದಿಲ್ಲ, ತುಪಾಕಿಯೇ. ನಳಿಗೆಯ ಬಾಯಿಂದ ಕರಿ ಮದ್ದು ಸುರಿದು, ನಾರು ಗಿಡಿದು, ಸೀಸದ ಗುಂಡು ಇಳಿಸಿ, ಮತ್ತೆ ನಾರು ಗಿಡಿದು, ಹಿಂದೆ ಕೇಪು ಸಿಕ್ಕಿಸಬೇಕು.

ಮದ್ದು ಅಳೆಯುವ ಕೆಲಸ ಅಜ್ಜಿಯದು. ಅವಳ ಹಳೆಯ ಸುಣ್ಣದ ಡಬ್ಬಿಯ ಮುಚ್ಚಳವೇ ಅಳತೆ. ತಲೆಗೊಂದು ಮುಚ್ಚಳ ಸುರಿದು, ಮೇಲೆ ಬೆರಳಾಡಿಸಿ ಸಮ ಮಾಡಿ ಕೊಡುತ್ತಿದ್ದಳು. ಹೆಚ್ಚಿಲ್ಲ, ಕಡಿಮೆಯಿಲ್ಲ.

1968ರ ಕಾರ್ತಿಕದಲ್ಲಿ ಒಂದು ರಾತ್ರಿ ಅಜ್ಜಿಗೆ ಜ್ವರ. ಹತ್ತು ವರ್ಷದ ನಾನು ಲಾಟೀನು ಹಿಡಿದು ಮದ್ದು ಅಳೆಯಲು ಕುಳಿತೆ. ಮುಚ್ಚಳ ಸಮ ಮಾಡಿ ಕೊಟ್ಟೆ. "ದೊಡ್ಡ ಸಲಗ ಬಂದಿದೆಯಂತೆ, ಇನ್ನೊಂದು ಹಿಡಿ ಹಾಕೇ" ಅಂದ ಮಾವ. ಹಾಕಿದೆ. ಹಿಡಿ ಅಂದರೆ ಎಷ್ಟು? ಹತ್ತು ವರ್ಷದ ಹುಡುಗಿಯ ಹಿಡಿ. ನಡುರಾತ್ರಿ ತುಪಾಕಿಯ ಸದ್ದು ಊರಿಗೇ ಕೇಳಿಸಿತು. ಹಿಂದೊದೆತಕ್ಕೆ ಮಾವನ ಭುಜ ಊದಿಕೊಂಡಿತು. ಹೃದಯಕ್ಕೆ ಇಟ್ಟ ಗುರಿ ಹೊಟ್ಟೆಗೆ ಬಿತ್ತು. ಹಂದಿ ಲಂಟಾನದ ಮೆಳೆಗೆ ನುಗ್ಗಿತು. ಬೆಳಗಾಗಲಿ ಎಂದು ಗಂಡಸರು ಬಂದು ಮಲಗಿದರು.

ಬೆಳಗಾಗುವ ಮೊದಲೇ ಹೊಲಕ್ಕೆ ಹೋದವಳು ಕಡಲೆಕಾಯಿ ಕೀಳಲು ಬರುತ್ತಿದ್ದ ಒಬ್ಬ ಹೆಂಗಸು. ಅವಳಿಗೆ ಯಾರೂ ಹೇಳಿರಲಿಲ್ಲ. ಮೆಳೆಯಿಂದ ಎದ್ದ ಹಂದಿ ಅವಳ ತೊಡೆ ಸೀಳಿತು. ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಪೇಟೆಗೆ ಕರೆದೊಯ್ದರು. ಜೀವ ಉಳಿಯಿತು, ಕಾಲು ಮಾತ್ರ ನೆಟ್ಟಗಾಗಲಿಲ್ಲ. ಮಾವ ಎರಡು ಮೂಟೆ ರಾಗಿ ಕಳಿಸಿದ. "ಏನ್ ಮಾಡೋದು, ಗುರಿ ತಪ್ಪಿತು" ಅಂದ. ಜ್ವರದಲ್ಲೇ ಎದ್ದು ಕುಳಿತ ಅಜ್ಜಿ ತೆಲುಗಿನಲ್ಲಿ ಅಂದಳು: "ಗುರಿ ಕಾದುರಾ, ಕೊಲತ ತಪ್ಪಿಂದಿ." ತಪ್ಪಿದ್ದು ಗುರಿಯಲ್ಲ ಕಣೋ, ಅಳತೆ.

ಆ ಮಾತಿನ ಪೂರ್ತಿ ಅರ್ಥ ನನಗಾದದ್ದು ಎಷ್ಟೋ ವರ್ಷದ ಮೇಲೆ, ಅಮೆರಿಕದಲ್ಲಿರುವ ಅಕ್ಕನ ಮಗನ ಮನೆಗೆ ಹೋದಾಗ. ಅವನ ಪಕ್ಕದ ಮನೆಯಾತ ಜಿಂಕೆ ಬೇಟೆಗೆ ಹೋಗುವವನು. ತನ್ನ ರೈಫಲ್ಲಿಗೆ ತೋಟಾಗಳನ್ನು ತಾನೇ ಕೂತು ತುಂಬುತ್ತಿದ್ದ. ನನ್ನ ಕುತೂಹಲ ನೋಡಿ ಕರೆದು ತೋರಿಸಿದ. ಹಾರಿಸಿ ಖಾಲಿಯಾದ ಹಿತ್ತಾಳೆಯ ಕವಚಗಳನ್ನು ತೊಳೆದು ಒಣಗಿಸಿದ್ದ. ಪ್ರತಿಯೊಂದರ ಉದ್ದ ಅಳೆದು, ಹೆಚ್ಚಾದದ್ದನ್ನು ಕತ್ತರಿಸಿದ್ದ. ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿ ಒಂದಕ್ಕೆ ಹತ್ತಿರಹತ್ತಿರ ಎರಡು ಗ್ರೇನ್ ಎಂದರೆ ಆ ತಕ್ಕಡಿ ಎಷ್ಟು ಸೂಕ್ಷ್ಮ ಎಂದು ನಿಮಗೇ ತಿಳಿಯುತ್ತದೆ.

ಕೈಪಿಡಿ ಹೇಳುವ ಗರಿಷ್ಠ ಮಿತಿಗಿಂತ ಹತ್ತನೇ ಒಂದು ಪಾಲು ಕಡಿಮೆಯಿಂದ ಆತ ಶುರು ಮಾಡಿದ್ದ. ಅರ್ಧರ್ಧ ಗ್ರೇನ್ ಏರಿಸುತ್ತ, ಒಂದೊಂದು ಅಳತೆಗೂ ಮೂರು ಮೂರು ತೋಟಾ. ನೂರು ಗಜ ದೂರದ ಕಾಗದಕ್ಕೆ ಹಾರಿಸಿ, ಮೂರು ತೂತುಗಳು ಎಷ್ಟು ಹತ್ತಿರ ಬಿದ್ದವು ಎಂದು ನೋಟುಬುಕ್ಕಿನಲ್ಲಿ ಬರೆಯುವುದು. ಹಾರಿಸಿದ ಮೇಲೆ ಕೇಪು ಚಪ್ಪಟೆಯಾಗಿದ್ದರೆ ಅಥವಾ ಚಿಲಕ ಬಿಗಿಯಾಗಿದ್ದರೆ ಒಳಗಿನ ಒತ್ತಡ ಮಿತಿ ಮೀರಿತೆಂದು ತಿಳಿದು ಹಿಂದೆ ಸರಿಯುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಅಂದ. ಮದ್ದು ಬದಲಿಸಿದರೆ ಗುಂಡು ಅದೇ ಇರಬೇಕು, ಗುಂಡು ಕೂರುವ ಆಳವೂ ಅದೇ ಇರಬೇಕು. ನಾವು ಸಾರಿನಪುಡಿಯಲ್ಲಿ ಮೆಣಸಿನಕಾಯಿಯನ್ನೂ ಕೊತ್ತಂಬರಿಯನ್ನೂ ಒಟ್ಟಿಗೆ ಬದಲಿಸಿ, ಕೆಟ್ಟದ್ದು ಯಾವುದರಿಂದ ಎಂದು ತಿಳಿಯದೆ ಒದ್ದಾಡುವುದಿಲ್ಲವೇ, ಹಾಗೆ.

ಕೊನೆಗೆ ಆತನ ರೈಫಲ್ಲಿಗೆ ಒಪ್ಪಿದ್ದು ಅತಿ ಹೆಚ್ಚಿನ ಅಳತೆಯಲ್ಲ, ಮಧ್ಯದ್ದು. ಆ ಅಳತೆಗೆ ಮೂರು ತೂತುಗಳೂ ಒಂದು ಅಂಗುಲದೊಳಗೆ ಬಿದ್ದಿದ್ದವು. ಗುಂಡು ಹೊರಡುವಾಗ ನಳಿಗೆ ನಡುಗುತ್ತದಂತೆ. ಪ್ರತಿ ಸಲ ಅದೇ ವೇಗ, ಅದೇ ನಡುಕ ಇದ್ದರೆ ಗುಂಡು ಅದೇ ಜಾಗಕ್ಕೆ ಹೋಗುತ್ತದೆ. ನಿಖರತೆ ಅಂದರೆ ಜೋರಲ್ಲ, ಪ್ರತಿ ಸಲವೂ ಒಂದೇ ಸಮ. ಅಜ್ಜಿ ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದದ್ದು ಇದಕ್ಕೇ. ಮಾವ "ಇನ್ನೊಂದು ಹಿಡಿ" ಅಂದದ್ದು ಇದನ್ನು ತಿಳಿಯದೆ.

ಅಲ್ಲಿಂದ ಬಂದು ಶಿಕಾರಿ ಪುಸ್ತಕಗಳನ್ನು ಮತ್ತೆ ತೆಗೆದೆ. ಆಂಡರ್ಸನ್ ತನ್ನ .405 ವಿಂಚೆಸ್ಟರ್ ರೈಫಲ್ಲನ್ನು ಗೆಳೆಯನಂತೆ ಜೊತೆಗಿಟ್ಟುಕೊಂಡವನು. ಆ ಗೆಳೆಯನನ್ನು ಅವನು ಹೇಗೆ ಪರೀಕ್ಷಿಸಿದ ಎಂಬುದರ ಮೇಲೆ ಕತೆ ನಿಲ್ಲುವುದಿಲ್ಲ. ಕಾರ್ಖಾನೆಯ ತೋಟಾ ಇದ್ದವರಿಗೆ ಅಳತೆಯ ಚಿಂತೆಯೇ ಇರಲಿಲ್ಲ ಎಂದೂ ಹೇಳುವಂತಿಲ್ಲ. ಬಿಸಿಲಿಗೆ ಕಾದ ಕಾರ್ಡೈಟ್ ಮದ್ದು ಒತ್ತಡ ಏರಿಸುತ್ತದೆಂದು ಇಂಗ್ಲೆಂಡಿನ ತಯಾರಕರು ಬಿಸಿ ದೇಶಗಳಿಗೆಂದೇ ಮದ್ದು ಕಡಿಮೆ ಮಾಡಿದ ತೋಟಾಗಳನ್ನು ತಯಾರಿಸುತ್ತಿದ್ದರು. ಯಾರೋ ಎಲ್ಲೋ ಕೂತು ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಅವರು ಕತೆಯಲ್ಲಿ ಬರುವುದಿಲ್ಲ, ನಮ್ಮ ಅಜ್ಜಿಯಂತೆ.

ಈ ವಿಷಯದಲ್ಲಿ ಜಿಮ್ ಕಾರ್ಬೆಟ್ ನನಗೆ ಹೆಚ್ಚು ಹಿಡಿಸುತ್ತಾನೆ. 1944ರ 'ಮ್ಯಾನ್ ಈಟರ್ಸ್ ಆಫ್ ಕುಮಾವೂನ್' ಪುಸ್ತಕದಲ್ಲಿ ಹುಲಿ ನರಭಕ್ಷಕವಾಗಲು ಹತ್ತರಲ್ಲಿ ಒಂಬತ್ತು ಸಲ ಗಾಯವೇ ಕಾರಣ, ಒಂದು ಸಲ ಮುಪ್ಪು ಎಂದು ಮೊದಲೇ ಹೇಳಿಬಿಡುತ್ತಾನೆ. 1907ರಲ್ಲಿ ಅವನು ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತ್ತು. ಅದರ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ, ಕೆಳಗಿನದು ಬುಡದವರೆಗೆ ಮುರಿದಿದ್ದವು. ಹಿಂದೆಂದೋ ಯಾರೋ ಹೊಡೆದ ಗುಂಡಿನ ಕೆಲಸ. ಕೊನೆಯ ಗಳಿಗೆಯಲ್ಲಿ ಕಾರ್ಬೆಟ್ಟನ ಸ್ವಂತ ತೋಟಾಗಳು ಮುಗಿದು, ತಹಸೀಲ್ದಾರರ ಹಳೆಯ ಬಂದೂಕು ಕಸಿದು ಹೊಡೆಯುತ್ತಾನೆ. ತೆರೆದ ಬಾಯಿಗೆ ಇಟ್ಟ ಗುರಿ ಬಲಗಾಲಿನ ಪಂಜಕ್ಕೆ ಬೀಳುತ್ತದೆ. ತಾನೇ ಬಗ್ಗಿದೆನೋ, ಬಂದೂಕೇ ಸರಿಯಿಲ್ಲವೋ ಎಂದು ಎರಡನ್ನೂ ಓದುಗರ ಮುಂದಿಡುತ್ತಾನೆ. ತಪ್ಪಿದ ಈಡಿನ ಲೆಕ್ಕ ಒಪ್ಪಿಸುವ ಶಿಕಾರಿ ಅಪರೂಪ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಹುಲಿಯ ಹಲ್ಲು ಮುರಿದವನು ಯಾರು? ಅವನಿಗೆ ಹೆಸರಿಲ್ಲ. ಅವನೂ ಬಂದು ಮಲಗಿದ್ದಿರಬೇಕು. ಅದರ ಕೊನೆಯ ಬಲಿ ಸೌದೆ ಆರಿಸಲು ಹೋದ ಹದಿಹರೆಯದ ಹುಡುಗಿ. ಈಡು ತಪ್ಪಿದವರು ಒಬ್ಬರು, ತೆತ್ತವರು ಸೌದೆಗೂ ಹೊಲಕ್ಕೂ ಹೋದವರು. ಈ ಪುಸ್ತಕಗಳನ್ನು ಹೆಂಗಸರೂ ಓದಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಗುಂಡಿನ ಸದ್ದಾದ ಮೇಲೆ ಬೆಳಗ್ಗೆ ಯಾರು ಹೊರಗೆ ಹೋಗುತ್ತಾರೆ ಎಂದು ಕೇಳುವವರು ಬೇಕಲ್ಲ.

1972ರ ವನ್ಯಜೀವಿ ಕಾನೂನು ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ. ಪುಸ್ತಕಗಳು ಉಳಿದಿವೆ, ಓದೋಣ. ಒಂದೇ ಈಡಿಗೆ ಮೃಗ ಬಿದ್ದಾಗ ಭೇಷ್ ಅನ್ನುವ ಮೊದಲು, ಅದನ್ನು ಅಳೆದು ಕೊಟ್ಟ ಕೈ ಯಾವುದು ಎಂದು ಹುಡುಕೋಣ.

ಕಾರ್ಬೆಟ್ಟನ ಕತೆಯಲ್ಲಿ ಇನ್ನೊಬ್ಬ ಹೆಂಗಸು ಬರುತ್ತಾಳೆ. ಅಕ್ಕತಂಗಿಯರಲ್ಲಿ ಒಬ್ಬಳನ್ನು ಹುಲಿ ಹೊತ್ತೊಯ್ದದ್ದು ಕಂಡು ಮಾತು ನಿಂತುಹೋದವಳು. ಕಾರ್ಬೆಟ್ ಹುಲಿಯ ಚರ್ಮವನ್ನು ಅವಳ ಮನೆ ಬಾಗಿಲಿಗೇ ಒಯ್ದು ತೋರಿಸುತ್ತಾನೆ. ಅವಳಿಗೆ ಮಾತು ಬರುತ್ತದೆ. ನಮ್ಮ ಹೊಲದ ಆ ಹೆಂಗಸಿನ ಮನೆಗೆ ನಮ್ಮಿಂದ ಹೋದದ್ದು ರಾಗಿ ಮಾತ್ರ. ಒಂದು ಹಿಡಿ ಹೆಚ್ಚು ಹಾಕಿದ್ದು ನನ್ನ ಕೈ ಎಂದು ಅವಳಿಗೆ ನಾನು ಹೇಳಲೇ ಇಲ್ಲ. ಕುಂಟುತ್ತಲೇ ಇನ್ನೆಷ್ಟೋ ಸುಗ್ಗಿ ಅವಳು ನಮ್ಮ ಹೊಲಕ್ಕೆ ಬಂದಳು. ನನ್ನನ್ನು ಕಂಡಾಗಲೆಲ್ಲ ಸೆರಗಿನಿಂದ ಒಂದು ಹಿಡಿ ಹಸಿ ಕಡಲೆಕಾಯಿ ತೆಗೆದು ಕೊಡುತ್ತಿದ್ದಳು.