ಮಂಜು ತೆಗೆದರೆ ಉಳಿಯುವ ಊರು

ವಿಡಿಯೋ ಗೇಮ್‌ಗಳ ಬಗ್ಗೆ ನಮ್ಮಲ್ಲಿ ಅಪರೂಪಕ್ಕೆ ಬರುವ ಬರಹಗಳು ಹೆಚ್ಚಾಗಿ ಕತೆಯನ್ನಷ್ಟೇ ಓದುತ್ತವೆ. ನಾಯಕ ಯಾರು, ಅವನನ್ನು ಕಾಡುವ ಪಾಪಪ್ರಜ್ಞೆ ಯಾವುದು, ಕೊನೆಗೆ ಏನಾಗುತ್ತದೆ. ಆ ಕತೆ ತೆರೆಯ ಮೇಲೆ ಮೂಡುವುದು ಹೇಗೆ ಎಂಬುದನ್ನು ಎಂಜಿನಿಯರುಗಳಿಗೆ ಬಿಟ್ಟುಬಿಡುತ್ತೇವೆ. ಕಾವ್ಯವಿಮರ್ಶೆ ಬರೆಯುವವರು ಛಂದಸ್ಸನ್ನು ಅಚ್ಚುಮನೆಯವರ ಪಾಲಿಗೆ ಬಿಟ್ಟ ಹಾಗಾಯಿತು ಇದು. ಗ್ರಾಫಿಕ್ಸ್ ಎಂಜಿನ್ ಎಂದರೆ ಆಟದ ಜಗತ್ತನ್ನು ಸೆಕೆಂಡಿಗೆ 30 ಅಥವಾ 60 ಬಾರಿ ಹೊಸದಾಗಿ ಬಿಡಿಸುವ ತಂತ್ರಾಂಶ. ಎಷ್ಟು ದೂರದವರೆಗೆ ಕಾಣಬೇಕು, ಬೆಳಕು ಎಲ್ಲಿಂದ ಬೀಳಬೇಕು, ಏನನ್ನು ಬಿಡಿಸದೆ ಬಿಡಬೇಕು ಎಂಬುದೆಲ್ಲ ಅದರ ಕೈಯಲ್ಲಿದೆ. ಬಿಡಿಸದೆ ಬಿಟ್ಟದ್ದರ ಬಗ್ಗೆಯೇ ನನಗೆ ಆಸಕ್ತಿ.

1999ರಲ್ಲಿ ಜಪಾನಿನ ಕೊನಾಮಿ ಕಂಪನಿ ಪ್ಲೇಸ್ಟೇಷನ್‌ಗೆಂದು ತಂದ 'ಸೈಲೆಂಟ್ ಹಿಲ್' ಆಟದಲ್ಲಿ ಹ್ಯಾರಿ ಮೇಸನ್ ಕಳೆದುಹೋದ ಮಗಳನ್ನು ಹುಡುಕುತ್ತಾ ಅಮೆರಿಕದ ಸಣ್ಣ ಊರೊಂದರಲ್ಲಿ ಅಲೆಯುತ್ತಾನೆ. ಊರಿಡೀ ಮಂಜು. ಕೆಲವು ಹೆಜ್ಜೆಗಳಾಚೆ ಏನೂ ಕಾಣದು. ಆ ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ 2 ಎಂಬಿ, ಚಿತ್ರಕ್ಕೆಂದೇ ಮೀಸಲಾದದ್ದು 1 ಎಂಬಿ. ಇವತ್ತು ಫೋನಿನಲ್ಲಿ ತೆಗೆಯುವ ಒಂದು ಒಳ್ಳೆಯ ಫೋಟೋ ಇಡಲೂ ಅಷ್ಟು ಜಾಗ ಸಾಲದು. ಮೂರು ವರ್ಷ ಮೊದಲು ಬಂದಿದ್ದ 'ರೆಸಿಡೆಂಟ್ ಈವಿಲ್' ಈ ಕಷ್ಟವನ್ನು ಬೇರೆ ರೀತಿ ದಾಟಿತ್ತು. ಬಂಗಲೆಯ ಕೋಣೆಗಳನ್ನು ಮೊದಲೇ ಸ್ಥಿರಚಿತ್ರಗಳಾಗಿ ಸಿದ್ಧಮಾಡಿ, ಅವುಗಳ ಮೇಲೆ ಪಾತ್ರಗಳನ್ನು ಓಡಾಡಿಸಿತ್ತು. ಸೈಲೆಂಟ್ ಹಿಲ್ ಬೀದಿಗಿಳಿಯಿತು. ಬೀದಿಯನ್ನು ಆಗಿಂದಾಗ್ಗೆ ಬಿಡಿಸುತ್ತಾ ಹೋಗಬೇಕಾದಾಗ ದೂರ ಎಂಬುದೊಂದು ಹುಟ್ಟುತ್ತದೆ, ಅಷ್ಟು ದೂರವನ್ನು ಬಿಡಿಸುವ ತಾಕತ್ತು ಆ ಯಂತ್ರಕ್ಕಿರಲಿಲ್ಲ. ಮಂಜು ಆ ಕೊರತೆಯನ್ನು ಮುಚ್ಚಿತು.

ಇಲ್ಲಿಯವರೆಗಿನದು ಈ ಆಟ ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಮಿತಿಯೇ ಶಕ್ತಿಯಾಯಿತು ಎಂದು ಹೇಳಿ ಮಾತು ಮುಗಿಸುವುದು ರೂಢಿ. ನನಗೆ ಅಷ್ಟು ಸಾಲದು. ಯಾಕೆಂದರೆ 1997ರಲ್ಲಿ ನಿಂಟೆಂಡೊ 64ಕ್ಕೆ ಬಂದ 'ಟ್ಯೂರಾಕ್' ಎಂಬ ಡೈನೋಸಾರ್ ಬೇಟೆಯ ಆಟದಲ್ಲೂ ಇದೇ ಕಾರಣಕ್ಕೆ ಇದೇ ಮಂಜು ಇತ್ತು. ಅಲ್ಲಿ ಅದು ಬರೀ ಪರದೆ. 2015ರಲ್ಲಿ ಟ್ಯೂರಾಕ್ ಅನ್ನು ಕಂಪ್ಯೂಟರಿಗೆಂದು ಪರಿಷ್ಕರಿಸಿದಾಗ ಮಂಜನ್ನು ಹಿಂದಕ್ಕೆ ಸರಿಸಿ ಕಾಡನ್ನು ದೂರದವರೆಗೆ ತೋರಿಸಿದರು. ಆಟಕ್ಕೆ ಏನೂ ನಷ್ಟವಾಗಲಿಲ್ಲ, ಲಾಭವೇ ಆಯಿತು. ಹಾಗಾದರೆ ಯಂತ್ರದ ಮಿತಿ ತಾನಾಗಿಯೇ ಏನನ್ನೂ ಸೃಷ್ಟಿಸುವುದಿಲ್ಲ. ಸೈಲೆಂಟ್ ಹಿಲ್‌ನಲ್ಲಿ ಹ್ಯಾರಿಯ ಜೇಬಿನಲ್ಲೊಂದು ಪುಟ್ಟ ರೇಡಿಯೋ ಇದೆ. ವಿಕಾರ ಪ್ರಾಣಿಗಳು ಹತ್ತಿರ ಬಂದರೆ ಅದು ಗೊರಗೊರ ಸದ್ದು ಮಾಡುತ್ತದೆ. ಏನೋ ಬರುತ್ತಿದೆ ಎಂದು ಕಿವಿಗೆ ಗೊತ್ತು, ಯಾವ ಕಡೆಯಿಂದ ಎಂದು ಕಣ್ಣಿಗೆ ಗೊತ್ತಿಲ್ಲ. ಕಾಣದ್ದನ್ನು ಆಟ ಒಂದು ಇಂದ್ರಿಯದಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಮಂಜು ತೆಗೆದರೆ ರೇಡಿಯೋ ಆಟಿಕೆಯಾಗುತ್ತದೆ.

2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಎರಡನೇ ಭಾಗದಲ್ಲಿ ಯಂತ್ರ ಬಲವಾಗಿತ್ತು. ಮಂಜು ಹೋಗಲಿಲ್ಲ, ಇನ್ನಷ್ಟು ದಟ್ಟವಾಯಿತು. ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ಅತಿವೇಗದಲ್ಲಿ ಹೊದಿಸುವುದರಲ್ಲಿ ಆ ಯಂತ್ರ ನಿಸ್ಸೀಮ. ಜೇಮ್ಸ್ ಎಂಬಾತ ತೀರಿಹೋದ ಹೆಂಡತಿಯಿಂದ ಪತ್ರ ಬಂತೆಂದು ಈ ಊರಿಗೆ ಬರುತ್ತಾನೆ. ತಾನೇ ಮರೆಮಾಡಿಕೊಂಡ ಸತ್ಯವೊಂದರ ಸುತ್ತ ಸುಳಿಯುವ ಅವನಿಗೆ ಮಂಜು ಹವಾಮಾನವಷ್ಟೇ ಆಗಿ ಉಳಿಯುವುದಿಲ್ಲ.

2012ರಲ್ಲಿ ಇದರ 'ಎಚ್‌ಡಿ ಕಲೆಕ್ಷನ್' ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ಬಂತು. ಚಿತ್ರ ಸ್ಪಷ್ಟವಾಯಿತು, ಮಂಜು ತೆಳುವಾಯಿತು. ಜೇಮ್ಸ್ ಸರೋವರದಲ್ಲಿ ಒಬ್ಬನೇ ದೋಣಿ ಹುಟ್ಟುಹಾಕುವ ದೃಶ್ಯವೊಂದಿದೆ. ಮೂಲದಲ್ಲಿ ದಡವಿಲ್ಲ, ದಿಕ್ಕಿಲ್ಲ. ಎಚ್‌ಡಿ ಪ್ರತಿಯಲ್ಲಿ ನೀರು ಒಂದು ಗೆರೆಯಲ್ಲಿ ಕತ್ತರಿಸಿದಂತೆ ಮುಗಿದುಹೋಗುವುದು ಕಾಣುತ್ತದೆ. ಮನುಷ್ಯನೊಬ್ಬನ ನರಕ ಹಾಸಿದ ಜಮಖಾನೆಯ ಅಂಚಾಗಿಬಿಟ್ಟಿತು! ಇದಕ್ಕೆ ಕಾರಣ ಬರೀ ಅಸಡ್ಡೆಯಲ್ಲ. ಮೂಲ ಆಟದ ಅಂತಿಮ ಕೋಡ್ ಕೊನಾಮಿಯ ಬಳಿ ಉಳಿದಿರಲಿಲ್ಲ. ಪೂರ್ಣಗೊಳ್ಳದ ಹಂತದ ಕೋಡ್ ಇಟ್ಟುಕೊಂಡು ಹೊಸ ತಂಡ ಕೆಲಸ ಮಾಡಬೇಕಾಯಿತು.

ಗ್ರಂಥಸಂಪಾದನೆಯ ವಿದ್ಯಾರ್ಥಿಯಾದ ನನಗೆ ಇದನ್ನು ಓದಿದಾಗ ತೀರಾ ಪರಿಚಿತ ಊರಿಗೆ ಬಂದಂತಾಯಿತು. ಕವಿಯ ಸ್ವಹಸ್ತಪ್ರತಿ ಇಲ್ಲ, ಇರುವುದು ದೋಷವುಳ್ಳ ಪ್ರತಿ, ಅದರ ಮೇಲೆ ಒಳ್ಳೆಯ ಉದ್ದೇಶದ ಪರಿಷ್ಕರಣೆ. ಹಳೆಯ ಓಲೆಗರಿಗಳ ಬರವಣಿಗೆ ಎಕಾರ ಏಕಾರಗಳ ಹ್ರಸ್ವ ದೀರ್ಘವನ್ನು ಬೇರೆಮಾಡಿ ತೋರಿಸುವುದಿಲ್ಲ. ಓದುಗರೇ ಛಂದಸ್ಸು ನೋಡಿ ತಿಳಿಯಬೇಕು. (ನಮ್ಮ ಅಕ್ಷರಗಳ ದುಂಡಗೂ ಓಲೆಗರಿಯೇ ಕಾರಣ ಎನ್ನುವವರಿದ್ದಾರೆ. ನೇರ ಗೆರೆ ಎಳೆದರೆ ಗರಿ ಸೀಳುತ್ತದಂತೆ.) ಬರೆಯುವ ವಸ್ತು ಬರಹದೊಳಗೆ ಇಳಿದಿರುತ್ತದೆ. ಸಂಪಾದಕರು ಅದರಲ್ಲಿ ಯಾವುದು ಗರಿಯ ದೋಷ, ಯಾವುದು ಕವಿಯ ಪಾಠ ಎಂದು ಪ್ರತಿ ಸಾಲಿನಲ್ಲೂ ತೀರ್ಮಾನಿಸಬೇಕು. ಟ್ಯೂರಾಕ್‌ನ ಮಂಜು ಗರಿಯ ದೋಷ. ಸೈಲೆಂಟ್ ಹಿಲ್‌ನದು ಪಾಠ. ಎಚ್‌ಡಿ ಪ್ರತಿ ಈ ಎರಡನ್ನು ಬೇರೆ ಮಾಡಲಿಲ್ಲ.

ನಾನು ಎರಡನೇ ಭಾಗವನ್ನು ಆಡಿದ್ದು ಹಾಸ್ಟೆಲಿನಲ್ಲಿ, ಹಳೆಯ ಲ್ಯಾಪ್‌ಟಾಪಿನಲ್ಲಿ, ಕಂಪ್ಯೂಟರ್ ಆವೃತ್ತಿಯಲ್ಲಿ. ಕನ್ಸೋಲ್ ಕೊಳ್ಳುವ ಶಕ್ತಿಯಿಲ್ಲದ ನನ್ನಂಥ ಎಷ್ಟೋ ಜನರಿಗೆ ಮೂಲವೆಂದರೆ ಹೀಗೆ ಯಂತ್ರ ಬದಲಿಸಿದ ಪ್ರತಿಯೇ. ಆ ಆವೃತ್ತಿಯನ್ನು ಅಭಿಮಾನಿಗಳ ಗುಂಪೊಂದು ವರ್ಷಗಟ್ಟಲೆ ಕೂತು ದುರಸ್ತಿಮಾಡಿದೆ. 'ಎನ್‌ಹಾನ್ಸ್‌ಡ್ ಎಡಿಷನ್' ಎಂಬ ಹೆಸರಿನ ಆ ಕೆಲಸ ಚಿತ್ರವನ್ನು ಚೂಪುಗೊಳಿಸುವುದರ ಜೊತೆಗೆ ಮಂಜನ್ನು ಪ್ಲೇಸ್ಟೇಷನ್ 2ರ ಹದಕ್ಕೆ ತಂದು ನಿಲ್ಲಿಸಿತು. ಸಂಬಳವಿಲ್ಲದ ಈ ಸಂಪಾದಕರು ಕಂಪನಿಗಿಂತ ಒಳ್ಳೆಯ ಓದುಗರಾಗಿದ್ದರು.

2024ರಲ್ಲಿ ಪೋಲೆಂಡಿನ ಬ್ಲೂಬರ್ ಟೀಮ್ ಎರಡನೇ ಭಾಗವನ್ನು ಅನ್‌ರಿಯಲ್ ಎಂಜಿನ್ 5ರಲ್ಲಿ ಹೊಸದಾಗಿ ಕಟ್ಟಿತು. ಅನ್‌ರಿಯಲ್ ಎಲ್ಲರಿಗೂ ಸಿಗುವ ಎಂಜಿನ್. ಪ್ಲೇಸ್ಟೇಷನ್ 5 ಆಗಲಿ ಕಂಪ್ಯೂಟರ್ ಆಗಲಿ, ಅದೇ ಎಂಜಿನ್ ಚಿತ್ರ ಬಿಡಿಸುತ್ತದೆ. ಒಂದೊಂದು ಯಂತ್ರಕ್ಕೂ ಒಂದೊಂದು ಕೈಬರಹವಿದ್ದ ಕಾಲ ಮುಗಿಯಿತು ಎಂದು ಹಳಬರು ಹಲುಬುತ್ತಾರೆ. ಹಲುಬುವುದರಲ್ಲಿ ಹುರುಳಿದೆ. ಆದರೂ ಈ ಮಂಜು ನನಗೆ ಹಿಡಿಸಿತು. ದೂರವನ್ನು ಬಿಡಿಸಬಲ್ಲ ಯಂತ್ರದಲ್ಲಿ ಬೇಕೆಂದೇ ದೂರವನ್ನು ತೋರಿಸದಿರುವುದು, ಇವತ್ತಿನ ಕವಿಯೊಬ್ಬರು ಕಂದಪದ್ಯದಲ್ಲಿ ಬರೆಯಲು ಕೂತ ಹಾಗೆ. ಕ್ಯಾಮೆರಾವನ್ನು ಜೇಮ್ಸ್‌ನ ಹೆಗಲ ಹಿಂದಕ್ಕೆ ತಂದದ್ದು ಮಾತ್ರ ಒಪ್ಪಿಗೆಯಾಗಲಿಲ್ಲ. ಹಳೆಯ ಆಟದ ಕ್ಯಾಮೆರಾ ಎಷ್ಟೋ ಕಡೆ ಮೂಲೆಯಿಂದ, ಮೇಲಿನಿಂದ ಅವನನ್ನು ಬೇರೆ ಯಾರೋ ನೋಡುತ್ತಿರುವಂತೆ ನೋಡುತ್ತಿತ್ತು. ಆ ನೋಟ ಹೋಯಿತು.

ಹೀಗಿರುವಾಗ 'ಸೈಲೆಂಟ್ ಹಿಲ್ 2' ಕುರಿತು ಪ್ರಬಂಧ ಬರೆಯುವವರು ಯಾವ ಯಂತ್ರದಲ್ಲಿ, ಯಾವ ಆವೃತ್ತಿ ಆಡಿದರೆಂದು ಮೊದಲ ಪುಟದಲ್ಲೇ ಹೇಳಬೇಕು. ಎಚ್‌ಡಿ ಪ್ರತಿಗಳೆರಡೂ ಕೂಡ ಒಂದೇ ಅಲ್ಲ. ದೋಷಗಳಿಗೆ ಕೊನಾಮಿ ತಿದ್ದುಪಡಿ ಬಿಡುಗಡೆ ಮಾಡಿದ್ದು ಪ್ಲೇಸ್ಟೇಷನ್ 3ಕ್ಕೆ ಮಾತ್ರ. ಎಕ್ಸ್‌ಬಾಕ್ಸ್ 360ರ ತಿದ್ದುಪಡಿಯನ್ನು ರದ್ದುಮಾಡಿತು. ಮುಂದೆ ಹೊಸ ಎಕ್ಸ್‌ಬಾಕ್ಸ್‌ಗಳಲ್ಲೂ ಓಡುವಂತೆ ಮಾಡಿದ್ದು ಆ ತಿದ್ದದೆ ಉಳಿದ ಪ್ರತಿಯನ್ನೇ.