ಪಾಂಚ್, ತೀನ್, ದೋ

ಇಸ್ಪೀಟು ಅಂದರೆ ನಮ್ಮ ಕಡೆ ಮೊದಲು ನೆನಪಾಗುವವರು ಪೊಲೀಸರು. ಊರ ಹೊರಗಿನ ಗುಡಿಯ ಹಿಂದೋ, ಕಬ್ಬಿನ ಹೊಲದ ಬದುವಿನಲ್ಲೋ ಕೂತವರನ್ನು ಹಿಡಿದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಆಗಾಗ ಬರುತ್ತದೆ. ರೊಕ್ಕದ ಜೊತೆ 52 ಎಲೆಗಳೂ ಜಪ್ತಾಗಿರುತ್ತವೆ. ಪಾಪ, ಎಲೆಗಳ ತಪ್ಪೇನು? ರಮ್ಮಿ ಬಹುಮಟ್ಟಿಗೆ ಚಾತುರ್ಯದ ಆಟವೆಂದು 1967ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೂ ಪಡಸಾಲೆಯಲ್ಲಿ ಎಲೆ ಕಲಸುವ ಸದ್ದು ಕೇಳಿದರೆ ಒಳಗಿಂದ ‘ಮನಿ ಹಾಳ ಮಾಡೂ ಆಟ’ ಅನ್ನುವ ಮಾತು ಬಂದೇ ಬರುತ್ತದೆ. ದುಡ್ಡಿಟ್ಟು ಆಡುವವರ ಮಟ್ಟಿಗೆ ಆ ಮಾತು ಖರೆ. ನಾನು ಹೇಳಹೊರಟಿರುವುದು ಒಂದು ಶೇಂಗಾ ಬೀಜವನ್ನೂ ಪಣಕ್ಕಿಡದೆ ಮಧ್ಯಾಹ್ನವೆಲ್ಲ ಆಡಬಹುದಾದ ಆಟದ ರುಚಿಯನ್ನು.

ದೀಪಾವಳಿಗೆ ಗೋಕಾಕದ ಮನೆಗೆ ಹುಕ್ಕೇರಿಯಿಂದ ದೊಡ್ಡವ್ವನ ಮಗ, ಮೂಡಲಗಿಯಿಂದ ಚಿಗವ್ವನ ಮಗಳು ಬಂದರೆಂದರೆ ಮೂರು ತಾಲೂಕು ಒಂದೇ ಚಾಪೆಯ ಮೇಲೆ ಕೂಡಿದ ಹಾಗೆ. (ಮೂಡಲಗಿ ಗೋಕಾಕದಿಂದಲೇ ಬೇರೆಯಾದ ತಾಲೂಕು, ಆಟದಲ್ಲಿ ಮಾತ್ರ ಮೊದಲಿನಿಂದಲೂ ಬೇರೆ ಪಾಲು.) ನಾಲ್ಕನೆಯವರು ಸಿಗದಿದ್ದರೆ ಮೆಂಡಿಕೋಟ್ ಆಗುವುದಿಲ್ಲ. ಮೂವರಿಗೆಂದೇ ಹುಟ್ಟಿದ್ದು ಪಾಂಚ್-ತೀನ್-ದೋ.

ಎಲೆ ಹಂಚುವ ಮೊದಲೇ ಲೆಕ್ಕ ಶುರು. ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಡಬೇಕು: ನಾಲ್ಕು ರಂಗಿನಲ್ಲಿ ಐದೈದು, ಒಟ್ಟು 20. ಚೌಕಟ್ ಮತ್ತು ಕಿಲವರದ ಸತ್ತಿಗಳೂ ಹೊರಗೆ. 52ರಲ್ಲಿ 22 ಹೋಗಿ ಉಳಿದವು 30, ತಲೆಗೆ ಹತ್ತು. ಮೂವರು ಒಂದೊಂದು ಎಲೆ ಇಳಿಸಿದರೆ ಒಂದು ಕೈ, ಹೀಗೆ ಹತ್ತು ಕೈ. ಮೊದಲ ಐದು ಎಲೆ ನೋಡಿ ಹುಕುಮ ಹೇಳಿದವನು ಐದು ಕೈ ಮಾಡಬೇಕು, ಹಂಚಿದವನು ಎರಡು, ಉಳಿದವನು ಮೂರು. ಪಾಳಿ ತಿರುಗಿದಂತೆ ಪಾಲೂ ತಿರುಗುತ್ತದೆ. ಬಿದ್ದ ರಂಗಿನ ಎಲೆ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು, ಇಲ್ಲದಿದ್ದರೆ ಹುಕುಮ ಹೊಡೆಯಬಹುದು. ನಿಯಮ ಇಷ್ಟೇ. ರಸ ಇರುವುದು ಮುಂದಿನ ಬಾಕಿಯಲ್ಲಿ.

ನನ್ನ ಪಾಲಿಗಿಂತ ಒಂದು ಕೈ ಹೆಚ್ಚು ಮಾಡಿದರೆ, ಕಡಿಮೆ ಮಾಡಿದವನ ಮೇಲೆ ನನ್ನ ಬಾಕಿ ಒಂದು ಬಿತ್ತು. ಮುಂದಿನ ಆಟದಲ್ಲಿ ಅವನು ಎಲೆ ಮುಚ್ಚಿ ಹಿಡಿಯುತ್ತಾನೆ, ನಾನು ಕಣ್ಣುಮುಚ್ಚಿ ಒಂದನ್ನು ಎಳೆದುಕೊಂಡು ನನ್ನಲ್ಲಿಯ ಕೆಲಸಕ್ಕೆ ಬಾರದ್ದನ್ನು ಅವನಿಗೆ ದಾಟಿಸುತ್ತೇನೆ. ಎಕ್ಕಾ ಎಳೆಸಿಕೊಂಡವನ ಮುಖ ನೋಡಬೇಕು! ಐದು, ಮೂರು, ಎರಡು ಕೂಡಿದರೆ ಹತ್ತೇ ಆಗುವುದರಿಂದ ಹೆಚ್ಚಾದದ್ದೂ ಕಡಿಮೆಯಾದದ್ದೂ ಪ್ರತಿಸಲ ಸರಿಸಮ. ಅಂಗಡಿಯ ಕೀರ್ದಿಯಲ್ಲಿ ಜಮಾ-ಖರ್ಚು ತಾಳೆಯಾಗಲು ರಾತ್ರಿ ಎಚ್ಚರಿರಬೇಕು. ಇಲ್ಲಿ ಅದು ತಾನಾಗಿ ತಾಳೆಯಾಗುತ್ತದೆ. ಐದನೆಯ ಇಯತ್ತೆಯ ಹುಡುಗಿಗೆ ಋಣಸಂಖ್ಯೆಯ ಪಾಠ ಇನ್ನೂ ಆಗಿರುವುದಿಲ್ಲ, ಆದರೆ ‘ನನ್ನವು ಎರಡ ಜಾಸ್ತಿ, ನಿನ್ನ ಮ್ಯಾಲ ಒಂದ, ಅವನ ಮ್ಯಾಲ ಒಂದ’ ಎಂದು ಕಾಗದ ಪೆನ್ನಿಲ್ಲದೆ ಮೂರು ಆಟದ ಬಾಕಿ ನೆನಪಿಟ್ಟಿರುತ್ತಾಳೆ.

ಆ ಹುಡುಗಿಯ ಹಿಂದೆ ಕೂತು ನೋಡಿದ ಒಂದು ಆಟ ಹೇಳುತ್ತೇನೆ. ಬದಾಮ ಹುಕುಮ, ಗೋಕಾಕದವನದು ಐದರ ಪಾಲು, ಅವಳದು ಮೂರು, ಹುಕ್ಕೇರಿಯವನದು ಎರಡು. ಎಂಟು ಕೈ ಮುಗಿದಾಗ ಅವಳಿಗೆ ನಾಲ್ಕು, ಗೋಕಾಕದವನಿಗೆ ಮೂರು, ಹುಕ್ಕೇರಿಯವನಿಗೆ ಒಂದು. ಅವಳಲ್ಲಿ ಉಳಿದದ್ದು ಬದಾಮದ ಒಂಬತ್ತು ಮತ್ತು ಇಸ್ಪೀಕ ರಾಜಾ. ಮುಂದಿನ ಎಲೆ ಅವಳೇ ಇಳಿಸಬೇಕು. ಬದಾಮ ಒಟ್ಟು ಎಂಟು, ಬಿದ್ದವು ಆರು, ತನ್ನಲ್ಲಿ ಒಂದು. ಹಾಗಾದರೆ ಹೊರಗಿರುವುದು ಒಂದೇ, ಅದು ಗುಲಾಮ. ಯಾರಲ್ಲಿ? ಹುಕ್ಕೇರಿಯವನು ಹಿಂದೊಮ್ಮೆ ಬದಾಮ ಬಿದ್ದಾಗ ಕಿಲವರ ಹಾಕಿದ್ದ, ಅವನ ಹತ್ತಿರ ಇಲ್ಲ. ಇಸ್ಪೀಕ ಎಕ್ಕಾ ಆಗಲೇ ಹೋಗಿದೆ. ಒಂಬತ್ತನ್ನು ಮೊದಲು ಇಳಿಸಿದರೆ ಗುಲಾಮ ಅದನ್ನು ತಿನ್ನುತ್ತಾನೆ, ಆಮೇಲೆ ರಾಜಾ ದಕ್ಕುವುದು ಗೋಕಾಕದವನ ಕೊನೆಯ ಎಲೆಯ ಮರ್ಜಿ. ರಾಜಾನನ್ನು ಮೊದಲು ಇಳಿಸಿದರೆ? ಗುಲಾಮನಿಂದ ಅವನನ್ನು ಹೊಡೆದರೆ ಕೊನೆಯ ಕೈಗೆ ಒಂಬತ್ತೇ ಹಿರಿದು. ಹೊಡೆಯದಿದ್ದರೆ ರಾಜಾನೇ ಗೆದ್ದ. ಹೇಗಾದರೂ ಒಂದು ಕೈ ಖಾತ್ರಿ. ಅವಳು ತುಟಿ ಅಲುಗಿಸದೆ ರಾಜಾನನ್ನು ಇಳಿಸಿದಳು. ಕೊನೆಗೆ ಐದು, ನಾಲ್ಕು, ಒಂದು. ಎಲೆ ಬಾಚಿಕೊಳ್ಳುತ್ತಲೇ ‘ಅಣ್ಣಾ, ಇಬ್ಬರೂ ಒಂದೊಂದ ಎಲಿ ಕೊಡಾವ್ರು ನೋಡ್ರಿ’ ಅಂದಳು.

ನನ್ನ ಮಟ್ಟಿಗೆ ಈ ಆಟದ ಸೊಗಸು ಇಲ್ಲಿದೆ. ಕೂಡುವ ಲೆಕ್ಕ ಶಾಲೆಯಲ್ಲೂ ಸಿಗುತ್ತದೆ, ಸಂತೆಯಲ್ಲೂ ಸಿಗುತ್ತದೆ. ಇನ್ನೂ ಬಾರದೆ ಉಳಿದದ್ದು ಏನು, ಅದು ಯಾರ ಮುಷ್ಟಿಯಲ್ಲಿದೆ ಎಂದು ಕಾಣದ್ದನ್ನು ಕಳೆದು ಕಳೆದು ಹಿಡಿಯುವ ಸುಖ ಎಲೆಯಾಟದಲ್ಲೇ ಹೆಚ್ಚು. ಮೆಂಡಿಕೋಟಿನಲ್ಲೂ ಅದುಂಟು. ಮಿರಜದ ಕಡೆಗೆ ಹೋಗುವ ರೈಲಿನಲ್ಲಿ ಪಾಶ್ಚಾಪುರ ದಾಟಿ, ಗೋಕಾಕ ರೋಡ್, ಘಟಪ್ರಭಾ ಬರುವಷ್ಟರಲ್ಲಿ ನಾಲ್ವರು ಮೊಣಕಾಲಿನ ಮೇಲೆ ಟವೆಲ್ ಹಾಸಿ ಒಂದು ಆಟ ಮುಗಿಸುತ್ತಾರೆ. ಅಲ್ಲಿ ಬೆನ್ನುಹತ್ತಬೇಕಾದ್ದು ನಾಲ್ಕು ಹತ್ತುಗಳನ್ನು. ಮೂರು ಹತ್ತು ಹಿಡಿದ ಜೋಡಿ ಗೆದ್ದಂತೆ. ಎರಡೆರಡಾದರೆ 13 ಕೈಗಳಲ್ಲಿ ಏಳು ಮಾಡಿದವರು.

ರಮ್ಮಿಯಲ್ಲಿ ನನಗೆ ಆಟಕ್ಕಿಂತ ಅದರ ಪಾಯಿಂಟು ಬರೆಯುವವರೇ ಇಷ್ಟ. ಸೋತವನ ಎಲೆಗಳು ಚಾಪೆಗೆ ಬೀಳುತ್ತವೆ: ರಾಜಾ, ಎಂಟು, ಏಳು, ಗುಲಾಮ, ಮೂರು, ಎರಡು. ಒಂದರ ಮೇಲೊಂದು ಕೂಡುತ್ತ ಹೋಗುವವನು ಹೊಸಬ. ಪಳಗಿದವನು ‘ರಾಜಾ ಗುಲಾಮ ಇಪ್ಪತ್ತ, ಎಂಟೂ ಎರಡೂ ಹತ್ತ, ಏಳೂ ಮೂರೂ ಹತ್ತ, ನಲವತ್ತ ಬರಿ’ ಎಂದು ಹತ್ತರ ಜೋಡಿ ಕಟ್ಟಿಬಿಡುತ್ತಾನೆ. ಈಗಿನ ಮೊಬೈಲ್ ರಮ್ಮಿ ಪಾಯಿಂಟನ್ನು ತಾನೇ ಕೂಡಿ ತೋರಿಸುತ್ತದೆ. ಕರದಂಟನ್ನು ಬೇರೆಯವರು ಅಗಿದು ನಮ್ಮ ಬಾಯಿಗೆ ಹಾಕಿದಂತೆ.

ಈ ಚಟ ಹಳೆಯದು. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಅರಗಿನ ಬಣ್ಣದ ದುಂಡನೆಯ ಗಂಜೀಫಾ ಎಲೆಗಳನ್ನು ಇಂದಿಗೂ ಬರೆಯುತ್ತಾರೆ. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಅದರಲ್ಲೂ ಒಂದು ಕಿಲಾಡಿತನ: ಐದು ಅವತಾರಗಳಲ್ಲಿ ರಾಜ, ಮಂತ್ರಿಗಳ ಕೆಳಗೆ ಹತ್ತು ಹಿರಿದು, ಉಳಿದ ಐದರಲ್ಲಿ ಒಂದೇ ಹಿರಿದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅಷ್ಟಕ್ಕೇ ನಿಲ್ಲದೆ 360 ಎಲೆಗಳವರೆಗಿನ ಛದ ಆಟಗಳನ್ನು ಕಟ್ಟಿದರು. ಅಷ್ಟು ಎಲೆಗಳಲ್ಲಿ ಬಿದ್ದದ್ದನ್ನು ನೆನಪಿಟ್ಟು ಆಡಬೇಕಾದರೆ ಅರಸನ ಬಿಡುವೇ ಬೇಕು. ಶಾಲೆಗಳೂ ಎಲೆಗಳನ್ನು ಪೂರ್ತಿ ದೂರವಿಟ್ಟಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಕಾರ್ಡುಗಳ ಮೇಲೆಯೇ ನಿಂತಿದೆ. ಆ ಕಾರ್ಡುಗಳಲ್ಲಿ ಗುಲಾಮ ಇಲ್ಲ, ಅಷ್ಟೇ.

ಘಟಪ್ರಭೆ ಗೋಕಾಕ ಫಾಲ್ಸಿನಲ್ಲಿ ಧುಮುಕುವುದೂ 52 ಮೀಟರ್, ಕಟ್ಟಿನ ಎಲೆಗಳಷ್ಟೇ. ಇದಕ್ಕೆ ಅರ್ಥವೇನೂ ಇಲ್ಲ, ಲೆಕ್ಕದ ಹುಚ್ಚು ಹಿಡಿದವರ ಕಣ್ಣಿಗೆ ಇಂಥವು ಬೀಳುತ್ತಿರುತ್ತವೆ. ಅರ್ಥವಿರುವ ಲೆಕ್ಕ ಬೇರೆ ಇದೆ. ಎಕ್ಕಾ ಒಂದು, ಗುಲಾಮ 11, ರಾಣಿ 12, ರಾಜಾ 13 ಎಂದು ಹಿಡಿದರೆ ಒಂದು ರಂಗಿಗೆ 91, ನಾಲ್ಕಕ್ಕೆ 364. ಅದನ್ನು 13ರಿಂದ ಭಾಗಿಸಿದರೆ ಸರಿಯಾಗಿ 28, ಶೇಷವಿಲ್ಲ. ಇದರ ಮೇಲೆ ಒಂದು ಮೋಜು ನಿಂತಿದೆ. ಯಾರಾದರೂ ಕಟ್ಟಿನಿಂದ ಒಂದು ಎಲೆ ಕದ್ದು ಕಿಸೆಗೆ ಹಾಕಿಕೊಳ್ಳಲಿ. ಉಳಿದ 51ನ್ನು ಒಂದೊಂದಾಗಿ ಮಗುಚುತ್ತ ಮನಸ್ಸಿನಲ್ಲೇ ಕೂಡುತ್ತ ಹೋಗಿ. ಮೊತ್ತ 13 ದಾಟಿದಾಗೆಲ್ಲ 13 ಬಿಟ್ಟುಬಿಡಿ. ರಾಜಾ ಬಂದರೆ ಕೂಡುವುದೇ ಬೇಡ, ರಾಣಿಗೆ ಒಂದು ಕಳೆಯಿರಿ, ಗುಲಾಮನಿಗೆ ಎರಡು. ಕೊನೆಗೆ ಉಳಿದದ್ದನ್ನು 13ರಿಂದ ಕಳೆಯಿರಿ: ಆರು ಉಳಿದಿದ್ದರೆ ಕಿಸೆಯಲ್ಲಿರುವುದು ಸತ್ತಿ. 13 ಉಳಿದರೆ, ಇಲ್ಲವೇ ಏನೂ ಉಳಿಯದಿದ್ದರೆ, ರಾಜಾ. ಕೈ ಪಳಗಿದರೆ ನೋಡುವವರಿಗೆ ಮಂತ್ರವಾದಿಯೇ ಬಂದು ಕೂತಂತೆ ಕಾಣುತ್ತದೆ. ರಂಗು ಯಾವುದೆಂದು ಕೇಳಿದರೆ ಕಟ್ಟನ್ನು ಇನ್ನೊಮ್ಮೆ ಮಗುಚಿ, ಉಳಿದ ಮೂರು ಸತ್ತಿಗಳು ಯಾವ್ಯಾವವು ಎಂದು ನೋಡಿಕೊಂಡರೆ ಆಯಿತು.