ಜನ್ನನ ವಸಂತವರ್ಣನೆ ಮತ್ತು ಮಾರಿಯ ಜಾತ್ರೆ

ಲೋಕಾಚಾರಗಳನ್ನೂ ಋತುಸಂಪ್ರದಾಯಗಳನ್ನೂ ಆಶ್ರಯಿಸಿ ಕಾವ್ಯವನ್ನು ರಚಿಸುವುದು ಜೈನ ಕವಿಗಳಿಗೆ ಹೊಸದೇನೂ ಅಲ್ಲ. ಸೋಮದೇವಸೂರಿಗಳು ತಮ್ಮ 'ಯಶಸ್ತಿಲಕ'ವನ್ನು ಶಕವರ್ಷ 881ರ (ಕ್ರಿ.ಶ. 959) ಚೈತ್ರಮಾಸದ ಮದನತ್ರಯೋದಶಿಯಂದು ಮುಗಿಸಿದುದಾಗಿ ಹೇಳಿಕೊಂಡಿದ್ದಾರೆ. ಮದನವಿಜಯಿಯಾದ ಜಿನನ ಮಾರ್ಗದಲ್ಲಿ ನಡೆದ ಮುನಿಗಳೂ ತಿಥಿಯನ್ನು ಲೋಕದ ಹಬ್ಬದ ಹೆಸರಿನಿಂದಲೇ ಗುರುತಿಸಿದುದು ಗಮನಾರ್ಹವಾಗಿದೆ. ಅದೇ ಯಶೋಧರನ ಕಥೆಯನ್ನು ಕ್ರಿ.ಶ. 1209ರಲ್ಲಿ ಕನ್ನಡದಲ್ಲಿ ಬರೆದ ಜನ್ನನಾದರೋ ಇನ್ನೂ ಮುಂದೆ ಹೋಗಿ, ಋತುವಿನ ಆಚರಣೆಯನ್ನು ಕಾವ್ಯದ ಗರ್ಭದಲ್ಲಿಯೇ ಇರಿಸಿದ್ದಾನೆ.

'ಯಶೋಧರ ಚರಿತೆ'ಯು ಆರಂಭವಾಗುವುದು ರಾಜಪುರದ ಚಂಡಮಾರಿಯ ಜಾತ್ರೆಯೊಡನೆ. ಆಗ ವಸಂತಕಾಲ. ಆ ವಸಂತವನ್ನು ಕವಿ ವರ್ಣಿಸುವ ಬಗೆ ಅಪೂರ್ವವಾದುದು. ಹರಕೆ ಹೊತ್ತ ವಸಂತನು ಶಿಶಿರವನ್ನೇ ಹಿಡಿದು ಬಲಿಯಿತ್ತಂತೆ ತೋರುತ್ತದೆ. ವನದ ಕೆಂಪೆಲ್ಲ ಬಲಿಯ ಮಾಂಸದ ಬಣ್ಣವನ್ನು ತಾಳುತ್ತದೆ. ಅಷ್ಟಾದಶವರ್ಣನೆಗಳಲ್ಲಿ ಇದೂ ಒಂದೆಂದು ಎಣಿಸಿ, ಉತ್ಪ್ರೇಕ್ಷೆಯ ಚಮತ್ಕಾರವನ್ನಷ್ಟೇ ಮೆಚ್ಚಿ ಮುಂದೆ ಸಾಗುವುದು ನಮ್ಮ ಪಾಠಪ್ರವಚನಗಳ ರೂಢಿ. ಈ ರೂಢಿ ಕವಿಗೆ ಅನ್ಯಾಯ ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾವ್ಯದ ಕೇಂದ್ರಘಟನೆಯನ್ನು ಸ್ಮರಿಸಬೇಕು. ಮಗನ ದುಃಸ್ವಪ್ನಕ್ಕೆ ಶಾಂತಿಯಾಗಲೆಂದು ತಾಯಿ ಚಂದ್ರಮತಿ ಜೀವಬಲಿಯನ್ನು ಬಯಸುತ್ತಾಳೆ. ಯಶೋಧರನು ಒಪ್ಪದಿದ್ದಾಗ ಹಿಟ್ಟಿನ ಕೋಳಿಯಾದರೂ ಆಗಲಿ ಎಂದು ಒತ್ತಾಯಿಸುತ್ತಾಳೆ. ಹಿಟ್ಟಿಗೆ ಪ್ರಾಣವಿಲ್ಲ, ಆದರೆ ಕೋಳಿಯೆಂಬ ಭಾವದಿಂದ ಅದನ್ನು ಕಡಿದುದರಿಂದ ಸಂಕಲ್ಪಹಿಂಸೆ ಸಂಭವಿಸಿತು. ಅದರ ಫಲವಾಗಿ ತಾಯಿಮಕ್ಕಳಿಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲಿದರು.

ಈಗ ವಸಂತವರ್ಣನೆಗೆ ಮರಳೋಣ. ಅಲ್ಲಿಯೂ ಕೊಲೆಯಿಲ್ಲ, ಇರುವುದು ಹೂವು, ತಳಿರು, ಋತುವಿನ ಪರಿವರ್ತನೆ. ಆದರೂ ನೋಡುವ ಕಣ್ಣು ಬಲಿಯನ್ನು ಕಾಣುತ್ತದೆ. ಹಿಟ್ಟಿನಲ್ಲಿ ಕೋಳಿಯನ್ನು ಕಂಡುದಕ್ಕೂ ವನದಲ್ಲಿ ಮಾಂಸವನ್ನು ಕಂಡುದಕ್ಕೂ ಭಾವವ್ಯಾಪಾರ ಒಂದೇ. ಬಲಿಯ ರೂಢಿಯಿಂದ ರಂಜಿತವಾದ ಚಿತ್ತವು ನಿರ್ದೋಷವಾದ ಪ್ರಕೃತಿಯ ಮೇಲೂ ಹಿಂಸೆಯನ್ನು ಆರೋಪಿಸುತ್ತದೆಂಬುದನ್ನು ಕವಿ ಕಥೆಯ ಹೊಸ್ತಿಲಲ್ಲಿಯೇ ತೋರಿಸಿದ್ದಾನೆ. ಆ ಪದ್ಯಗಳನ್ನು ಓದಿ ತಲೆದೂಗುವ ನಾವೂ ಕ್ಷಣಕಾಲ ಆ ಜಾತ್ರೆಯವರೇ ಆಗುತ್ತೇವೆ. ಮುಂದೆ ಕತ್ತಿಯೇಟಿಗೆ ಹಿಟ್ಟಿನ ಕೋಳಿ ಕೂಗಿದಾಗ ನಮ್ಮ ಎದೆ ನಡುಗುವುದು ಇದರಿಂದಲೇ.

ಹಾಗಾದರೆ ಇಂತಹ ಕಲ್ಪನೆಯನ್ನು ಮಾಡಿದ ಕವಿಗೂ ಸಂಕಲ್ಪದೋಷವು ತಗಲದೇ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪವು ಉಪೇಕ್ಷಣೀಯವಲ್ಲ. ಆದರೆ ದೋಷವನ್ನು ನಿರ್ಣಯಿಸುವುದು ಅಭಿಪ್ರಾಯ. ಚಂದ್ರಮತಿಯ ಸಂಕಲ್ಪವು ಕೊಲ್ಲುವುದಕ್ಕಾಗಿ. ಜನ್ನನದು ಆ ಸಂಕಲ್ಪದ ಸ್ವರೂಪವನ್ನು ತಿಳಿಸುವುದಕ್ಕಾಗಿ. ಸಮಂತಭದ್ರಾಚಾರ್ಯರು 'ರತ್ನಕರಂಡಕ'ದಲ್ಲಿ ಲೋಕಮೂಢತೆ, ದೇವತಾಮೂಢತೆಗಳನ್ನು ಲಕ್ಷಣಸಹಿತವಾಗಿ ನಿರೂಪಿಸಿದ್ದಾರೆ. ಮೂಢತೆ ಯಾವುದೆಂದು ಹೇಳುವುದು ಶಾಸ್ತ್ರದ ಕೆಲಸ. ಅದು ಮಾತೃವಾತ್ಸಲ್ಯದ ವೇಷದಲ್ಲಿ, ಹಬ್ಬದ ಸಂಭ್ರಮದಲ್ಲಿ ಮನುಷ್ಯನನ್ನು ಹೇಗೆ ಹಿಡಿಯುತ್ತದೆಂದು ಕಾಣಿಸುವುದು ಕಾವ್ಯದ ಕೆಲಸ. ಜಾತ್ರೆಯನ್ನು ಹೊರಗೆ ನಿಂತು ಹಳಿದಿದ್ದರೆ ಈ ಕೆಲಸವು ಜನ್ನನಿಂದ ಆಗುತ್ತಿರಲಿಲ್ಲ.

ಓಲೆಗರಿಗಳಲ್ಲಿ ಪದ್ಯಗಳು ಸಾಲು ಮುರಿಯದೆ ಒಂದರ ಬೆನ್ನಿಗೆ ಒಂದಾಗಿ ಸಾಗುತ್ತವೆ. 'ವಸಂತವರ್ಣನೆ' ಎಂಬ ಶೀರ್ಷಿಕೆಯಿಟ್ಟು ಬೇರ್ಪಡಿಸಿದವರು ಈಚಿನ ನಾವು. ಸಂಗ್ರಹಗಳನ್ನು ಸಿದ್ಧಪಡಿಸುವವರು ಈ ಪದ್ಯಗಳನ್ನು ಜಾತ್ರೆಯಿಂದ ಕಿತ್ತು ಋತುವರ್ಣನೆಯ ಮಾದರಿಯಾಗಿ ಮುದ್ರಿಸಬಾರದು. ಕಥೆ ಮುಖ್ಯವೆಂದು ಇವನ್ನು ಬಿಟ್ಟೂಬಿಡಬಾರದು. ಹಳೆಯ ಆಚರಣೆಗಳನ್ನು ವಸ್ತುವಾಗಿ ಆರಿಸಿಕೊಳ್ಳುವ ಇಂದಿನ ಕವಿಗಳಿಗೂ ಇಲ್ಲಿ ಪಾಠವಿದೆ. ಆಚರಣೆಯನ್ನು ತೋರಣದಂತೆ ಕಟ್ಟಿದರೆ ಅದು ಬಾಡುತ್ತದೆ. ಅದನ್ನು ನಡೆಸುವವರ ಭಯವನ್ನೂ ಆಸೆಯನ್ನೂ ಅರಿತು ಬರೆದರೆ, ಜನ್ನನ ವಸಂತದಂತೆ, ಎಂಟು ಶತಮಾನಗಳ ಮೇಲೂ ಓದುಗನನ್ನು ಆತ್ಮಪರೀಕ್ಷೆಗೆ ಒಡ್ಡುತ್ತದೆ.